ಓಟದ ಗುಟ್ಟು ಇರುವುದು ಬಿಡುವಿನಲ್ಲಿ

‘ಇಂಟರ್‌ವಲ್’ ಎಂದೊಡನೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಟೂರಿಂಗ್ ಟಾಕೀಸು. ಕಥೆ ಬಿಗಿಯಾಗುತ್ತಿರುವಾಗಲೇ ಪಕ್ಕನೆ ದೀಪ ಹತ್ತುತ್ತಿತ್ತು. ಸೋಡಾ ಬಾಟಲಿಯ ಸದ್ದು, ಕಡಲೆಕಾಯಿ ಪೊಟ್ಟಣ, ಬೀಡಿಯ ಹೊಗೆ. ಹತ್ತು ನಿಮಿಷ ಕಳೆದು ಮತ್ತೆ ಕತ್ತಲಾದಾಗ ಕಣ್ಣು ಕಿವಿಗಳು ಮೊದಲಿಗಿಂತ ಚುರುಕಾಗಿರುತ್ತಿದ್ದವು. ಇಂಥದೇ ಒಂದು ಬಿಡುವು ದೂರದ ಓಟಗಾರನ ವೇಗವನ್ನೂ ಹೆಚ್ಚಿಸಬಲ್ಲದು ಎಂದು ಯಾರಾದರೂ ಹೇಳಿದ್ದರೆ ಮೇಷ್ಟ್ರಾದ ಹೊಸತರಲ್ಲಿ ನಾನು ನಗುತ್ತಿದ್ದೆ. ಆ ಅಜ್ಞಾನಕ್ಕೆ ಬೆಲೆ ತೆತ್ತವನು ನನ್ನ ಒಬ್ಬ ವಿದ್ಯಾರ್ಥಿ.

ನಮ್ಮದು ಹಳ್ಳಿಯ ಪ್ರೌಢಶಾಲೆ. ಆಗ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ವಿಜ್ಞಾನದ ಜೊತೆಗೆ ಆಟೋಟದ ಹೊಣೆಯೂ ನನ್ನ ಕೊರಳಿಗೆ ಬಿತ್ತು. 9ನೇ ತರಗತಿಯ ಹುಡುಗನೊಬ್ಬ ಹೋಬಳಿ ಮಟ್ಟದ ಕೂಟದಲ್ಲಿ ಬರಿಗಾಲಿನಲ್ಲಿ 1,500 ಮೀಟರ್ ಓಡಿ 5 ನಿಮಿಷ 4 ಸೆಕೆಂಡಿಗೆ ಗುರಿ ಮುಟ್ಟಿದ. ದಿನಾ ಐದು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದ ಕಾಲುಗಳವು. ತಾಲ್ಲೂಕು ಕೂಟಕ್ಕೆ ಆರು ವಾರವಿತ್ತು. ನಾನು ಟೊಂಕ ಕಟ್ಟಿ ನಿಂತೆ. ಪ್ರತಿ ಸಂಜೆ ಮೈದಾನಕ್ಕೆ ಹತ್ತು ಸುತ್ತು, ಎಲ್ಲವೂ ಒಂದೇ ಉಸಿರಿನಲ್ಲಿ, ಎಲ್ಲವೂ ಪೂರ್ತಿ ಜೋರಿನಲ್ಲಿ. ನನ್ನ ಸೂತ್ರ ಒಂದೇ: ನಿನ್ನೆಗಿಂತ ಇಂದು ವೇಗವಾಗಿ ಓಡಬೇಕು.

ಎರಡು ವಾರ ಸೂತ್ರ ಫಲಿಸಿತು. 1,500 ಮೀಟರಿನ ಸಮಯ 4 ನಿಮಿಷ 56 ಸೆಕೆಂಡಿಗೆ ಇಳಿಯಿತು. ನಾಲ್ಕನೇ ವಾರ ಅದೇ ಹುಡುಗ 5 ನಿಮಿಷ 9 ಸೆಕೆಂಡು ತೆಗೆದುಕೊಂಡ. ಸೋಮಾರಿಯಾದ ಎಂದುಕೊಂಡು ಎರಡು ಸುತ್ತು ಹೆಚ್ಚಿಸಿದೆ. ಕಾಲು ನೋವು ಎಂದ. ಓಡಿದರೆ ಸರಿಹೋಗುತ್ತದೆ ಎಂದೆ. ತಾಲ್ಲೂಕು ಕೂಟದಲ್ಲಿ ಮೂರನೇ ಸುತ್ತಿನಲ್ಲಿ ಆತ ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆ ಹಿಡಿದುಕೊಂಡು ಹೊರಗೆ ಬಂದ. ಹುಲ್ಲಿನ ಮೇಲೆ ಕುಳಿತು ಮೊಣಕಾಲಿಗೆ ಮುಖ ಹುದುಗಿಸಿದ. ‘ಮನಸ್ಸಿಲ್ಲದವನಿಗೆ ಓಟ ಯಾಕೆ?’ ಎಂದು ಎಲ್ಲರ ಎದುರಿಗೆ ಕೇಳಿದವನು ನಾನು. ಅಂದಿನಿಂದ ಆತ ಮೈದಾನಕ್ಕೆ ಕಾಲಿಡಲಿಲ್ಲ.

ನಾನೆಲ್ಲಿ ತಪ್ಪಿದೆ ಎಂಬುದು ತಿಳಿದದ್ದು ಕೆಲವು ವರ್ಷಗಳ ನಂತರ, ತಾಲ್ಲೂಕು ಗ್ರಂಥಾಲಯದಲ್ಲಿ ಹಳೆಯ ಕ್ರೀಡಾ ಪುಸ್ತಕಗಳ ಪುಟ ತಿರುವುತ್ತಿದ್ದಾಗ. ಅಲ್ಲಿ ಸಿಕ್ಕಿದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕಥೆ.

ಬಾಟಾ ಕಾರ್ಖಾನೆಯ ಹುಡುಗ

ಆ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಎಂಬ ಸೈನಿಕ ಜುಲೈ 20ರಂದು 10,000 ಮೀಟರ್ ಗೆದ್ದ. 24ರಂದು 5,000 ಮೀಟರ್ ಗೆದ್ದ. 27ರಂದು ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಮ್ಯಾರಥಾನ್ ಓಡಿ ಅದನ್ನೂ ಗೆದ್ದ. ಮೂರರಲ್ಲೂ ಒಲಿಂಪಿಕ್ ದಾಖಲೆ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಅವನ ಹಿಂದೆಯೂ ಇಲ್ಲ, ಇಂದಿನವರೆಗೆ ಮುಂದೆಯೂ ಇಲ್ಲ. 5,000 ಮೀಟರ್ ಗೆದ್ದ ದಿನವೇ ಅವನ ಹೆಂಡತಿ ಡಾನಾ ಜಾವೆಲಿನ್ ಎಸೆತದಲ್ಲಿ ಚಿನ್ನ ಪಡೆದಳು.

ಝಾಟೊಪೆಕ್ ಹುಟ್ಟಿನಿಂದ ಓಟಗಾರನಲ್ಲ. 1922ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಝ್ಲೀನ್ ಪಟ್ಟಣದ ಬಾಟಾ ಪಾದರಕ್ಷೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದವನು. ನಮ್ಮಲ್ಲಿ ಅನೇಕರು ಶಾಲೆಗೆ ತೊಟ್ಟುಹೋದ ಬಿಳಿ ಕ್ಯಾನ್ವಾಸ್ ಶೂಗಳ ಬಾಟಾ ಕಂಪೆನಿಯ ತವರೂರು ಅದೇ. 1941ರಲ್ಲಿ ಕಾರ್ಖಾನೆಯವರು ಏರ್ಪಡಿಸಿದ ಓಟಕ್ಕೆ ಅವನ ಹೆಸರನ್ನೂ ಬರೆದರು. ಮೈಗೆ ಹುಷಾರಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದ. ವೈದ್ಯರು ಪರೀಕ್ಷಿಸಿ, ಓಡಬಹುದು ಎಂದರು. ಇಷ್ಟವಿಲ್ಲದೆ ಓಡಿದ ಹುಡುಗ ನೂರು ಮಂದಿಯಲ್ಲಿ ಎರಡನೆಯವನಾದ. ಅಲ್ಲಿಂದ ಓಟದ ಹುಚ್ಚು ಹತ್ತಿತು.

ಆ ಕಾಲದಲ್ಲಿ ದೂರದ ಓಟಕ್ಕೆ ತಯಾರಿ ಎಂದರೆ ದೂರ ಓಡುವುದು ಎಂದೇ ಹೆಚ್ಚಿನವರ ತಿಳಿವಳಿಕೆ. ಝಾಟೊಪೆಕ್ ಬೇರೆ ರೀತಿಯಲ್ಲಿ ಯೋಚಿಸಿದ. ನಿಧಾನವಾಗಿ ಓಡುವುದು ತನಗೆ ಈಗಾಗಲೇ ಗೊತ್ತಿದೆ, ಕಲಿಯಬೇಕಾದದ್ದು ವೇಗ. ವೇಗವಾಗಿ ಬಹಳ ದೂರ ಓಡಲು ಆಗುವುದಿಲ್ಲ. ಹಾಗಾದರೆ ದೂರವನ್ನೇ ತುಂಡು ಮಾಡಿದರೆ? 400 ಮೀಟರ್ ಜೋರಾಗಿ ಓಡುವುದು, 200 ಮೀಟರ್ ಕುಲುಕು ನಡಿಗೆಯಂತೆ ನಿಧಾನ ಓಡಿ ಸುಧಾರಿಸಿಕೊಳ್ಳುವುದು, ಮತ್ತೆ 400 ಮೀಟರ್ ಜೋರು. ಅವನ ಒಂದು ದಿನದ ಪಟ್ಟಿ ಹೀಗಿತ್ತು: 200 ಮೀಟರ್ ಐದು ಬಾರಿ, 400 ಮೀಟರ್ ಇಪ್ಪತ್ತು ಬಾರಿ, ಮತ್ತೆ 200 ಮೀಟರ್ ಐದು ಬಾರಿ. ಕ್ರಮೇಣ 400 ಮೀಟರನ್ನು ನಲವತ್ತು ಬಾರಿ ಓಡುವ ಮಟ್ಟಕ್ಕೆ ಹೋದ. ಜೋರಿನ ಓಟವೇ 16 ಕಿಲೋಮೀಟರ್! ಅದೂ ಎಷ್ಟೋ ಸಲ ಸೈನ್ಯದ ಭಾರದ ಬೂಟು ತೊಟ್ಟು, ಕಾಡಿನ ದಾರಿಯಲ್ಲಿ, ಹಿಮದಲ್ಲಿ.

ಫಲವೇನು? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರಿಗೆ ಅವನು ತೆಗೆದುಕೊಂಡದ್ದು 29 ನಿಮಿಷ 59.6 ಸೆಕೆಂಡು. ಹೆಲ್ಸಿಂಕಿಯಲ್ಲಿ 29 ನಿಮಿಷ 17 ಸೆಕೆಂಡು. 1954ರಲ್ಲಿ ಬ್ರಸೆಲ್ಸ್‌ನಲ್ಲಿ 28 ನಿಮಿಷ 54.2 ಸೆಕೆಂಡು, 29 ನಿಮಿಷದೊಳಗೆ ಓಡಿದ ಮೊದಲ ಮನುಷ್ಯನೆಂಬ ಕೀರ್ತಿ. ಇದನ್ನು ಸುತ್ತಿನ ಲೆಕ್ಕಕ್ಕೆ ತನ್ನಿ. 400 ಮೀಟರಿನ ಒಂದು ಸುತ್ತಿಗೆ 1948ರಲ್ಲಿ 72 ಸೆಕೆಂಡು, 1952ರಲ್ಲಿ 70.3, 1954ರಲ್ಲಿ 69.4. ಆರು ವರ್ಷದ ಬೆವರಿನಿಂದ ಸುತ್ತಿಗೆ ಉಳಿದದ್ದು ಎರಡೂವರೆ ಸೆಕೆಂಡು. ದೂರದ ಓಟದಲ್ಲಿ ಗೆಲುವು ಸೋಲುಗಳ ನಡುವಿನ ಅಂತರ ಇಷ್ಟೇ. ಇದನ್ನು ತಿಳಿಯದೆ ನಾನು ದಿನಕ್ಕೆ ಎರಡು ಸೆಕೆಂಡು ಇಳಿಸಲು ಹೊರಟಿದ್ದೆ.

ಬಿಡುವಿಗೆ ಗಡಿಯಾರ

ಅದೇ ಹೆಲ್ಸಿಂಕಿಯಲ್ಲಿ 1,500 ಮೀಟರ್ ಓಟ ಗೆದ್ದವನು ಪುಟ್ಟ ದೇಶ ಲಕ್ಸೆಂಬರ್ಗಿನ ಯೋಸಿ ಬಾರ್ತೆಲ್. ಅವನ ಗೆಲುವನ್ನು ನಿರೀಕ್ಷಿಸಿದ್ದವರು ಕಡಿಮೆ. ಆದರೆ ಅವನ ಹಿಂದೆ ಜರ್ಮನಿಯ ಫ್ರೈಬರ್ಗಿನ ತರಬೇತುದಾರ ವೊಲ್ಡೆಮಾರ್ ಗೆರ್ಷ್ಲರ್ ಇದ್ದ. ಗೆರ್ಷ್ಲರ್ ಮಹಾಯುದ್ಧಕ್ಕೆ ಮೊದಲೇ ಹೆಸರು ಮಾಡಿದ್ದವನು. ಅವನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿಗೆ ಓಡಿ ಹಳೆಯ ದಾಖಲೆಯನ್ನು 1.8 ಸೆಕೆಂಡಿನಿಂದ ಮುರಿದಿದ್ದ. 1955ರವರೆಗೆ ಆ ದಾಖಲೆಯನ್ನು ಯಾರೂ ಮುಟ್ಟಲಾಗಲಿಲ್ಲ. ಹಾರ್ಬಿಗ್ ಮಾತ್ರ 1944ರಲ್ಲಿ ಯುದ್ಧಭೂಮಿಯಲ್ಲಿ ತೀರಿಕೊಂಡ.

ಝಾಟೊಪೆಕ್ ಮೈಯ ಅಂದಾಜಿನಿಂದ ಮಾಡಿದ್ದನ್ನು ಗೆರ್ಷ್ಲರ್ ನಾಡಿ ಹಿಡಿದು ಮಾಡಿದ. ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಜೊತೆ ಸೇರಿ ಅವನು ರೂಪಿಸಿದ ನಿಯಮ ಸರಳವಾದದ್ದು. ಓಟಗಾರ 100, 200 ಅಥವಾ 400 ಮೀಟರ್ ಓಡಬೇಕು. ನಾಡಿ ಬಡಿತ ನಿಮಿಷಕ್ಕೆ ಸುಮಾರು 180ಕ್ಕೆ ಏರುತ್ತದೆ. ಅಲ್ಲಿಗೆ ನಿಲ್ಲಿಸಿ ಬಡಿತವನ್ನು ಎಣಿಸಬೇಕು. ಅದು 120ಕ್ಕೆ ಇಳಿದ ಕೂಡಲೇ ಮುಂದಿನ ಓಟ. ಇಳಿಯಲು ಹೆಚ್ಚೆಂದರೆ 90 ಸೆಕೆಂಡು. ಅಷ್ಟರಲ್ಲಿ ಇಳಿಯದಿದ್ದರೆ ಓಟಗಾರನನ್ನು ಗದರಿಸುವುದಿಲ್ಲ. ಓಡಿಸಿದ ದೂರ ಹೆಚ್ಚಾಯಿತು, ಇಲ್ಲವೇ ವೇಗ ಹೆಚ್ಚಾಯಿತು ಎಂದು ಅರ್ಥ ಮಾಡಿಕೊಂಡು ಕಡಿಮೆ ಮಾಡಬೇಕು.

ಇದಕ್ಕೆ ಇಂಟರ್‌ವಲ್ ತರಬೇತಿ ಎಂಬ ಹೆಸರು ನಿಂತಿತು. ಓದುಗರು ಇಲ್ಲೊಂದು ಅಂಶ ಗಮನಿಸಬೇಕು. ಈಗ ಜಿಮ್ಮಿಗೆ ಹೋಗುವ ಹುಡುಗರು ‘ಹತ್ತು ಇಂಟರ್‌ವಲ್ ಓಡಿದೆ’ ಎನ್ನುತ್ತಾರೆ. ಓಡಿದ್ದು ಇಂಟರ್‌ವಲ್ ಅಲ್ಲ. ಟಾಕೀಸಿನಲ್ಲಿ ಇರುವಂತೆ ಇಲ್ಲಿಯೂ ಇಂಟರ್‌ವಲ್ ಎಂದರೆ ನಡುವಿನ ಬಿಡುವು. ಹೃದಯ ಬಲಗೊಳ್ಳುವುದು ಮುಖ್ಯವಾಗಿ ಈ ಬಿಡುವಿನ ಸಮಯದಲ್ಲೇ ಎಂದು ಗೆರ್ಷ್ಲರ್ ಮತ್ತು ರೈಂಡೆಲ್ ನಂಬಿದ್ದರು. ಅವರ ಈ ವಿವರಣೆಯನ್ನು ನಂತರದ ವಿಜ್ಞಾನ ಪೂರ್ತಿಯಾಗಿ ಒಪ್ಪಿಲ್ಲ. ಆದರೆ ಬಿಡುವನ್ನೂ ಓಟದಷ್ಟೇ ಲೆಕ್ಕವಿಟ್ಟು ಕೊಡಬೇಕೆಂಬ ಅವರ ಪಾಠ ಮಾತ್ರ ಉಳಿದಿದೆ.

ಒರತೆ ಬಾವಿಯ ಲೆಕ್ಕ

ಬಿಡುವು ಕೊಟ್ಟರೆ ವೇಗ ಹೇಗೆ ಹೆಚ್ಚುತ್ತದೆ? ಬೇಸಿಗೆಯ ಒರತೆ ಬಾವಿಯನ್ನು ನೆನಪಿಸಿಕೊಳ್ಳಿ. ಪಂಪು ಒಂದೇ ಸಮನೆ ನಡೆಸಿದರೆ ಅರ್ಧ ಗಂಟೆಗೆ ಬಾವಿ ಬರಿದಾಗಿ ಕೆಸರು ಬರುತ್ತದೆ. ನಡುನಡುವೆ ನಿಲ್ಲಿಸಿ ಒರತೆಗೆ ಕಾಲ ಕೊಟ್ಟರೆ ಅದೇ ಬಾವಿಯಿಂದ ಸಂಜೆಯೊಳಗೆ ಎರಡು ಪಟ್ಟು ನೀರು ಎತ್ತಬಹುದು.

ನಮ್ಮ ದೇಹ ಆಮ್ಲಜನಕವನ್ನು ಬಳಸುವುದಕ್ಕೆ ಒಂದು ಗರಿಷ್ಠ ಮಿತಿಯಿದೆ. ಆ ಮಿತಿಯನ್ನು ಮುಟ್ಟುವ ವೇಗದಲ್ಲಿ ಸಾಮಾನ್ಯ ಓಟಗಾರ ಒಂದೇ ಸಮನೆ ಓಡಬಲ್ಲದ್ದು ಸುಮಾರು ಆರು ನಿಮಿಷ. ಕೆಲವರಿಗೆ ಸ್ವಲ್ಪ ಹೆಚ್ಚು, ಕೆಲವರಿಗೆ ಕಡಿಮೆ. ಅದನ್ನೇ ಎರಡು ಮೂರು ನಿಮಿಷದ ತುಂಡುಗಳಾಗಿ ಮಾಡಿ ನಡುವೆ ಬಿಡುವು ಕೊಟ್ಟರೆ ಒಂದೇ ದಿನದಲ್ಲಿ ಒಟ್ಟು ಹದಿನೈದು ನಿಮಿಷದವರೆಗೆ ಆ ವೇಗದಲ್ಲಿ ಓಡಬಹುದು. ಹೃದಯ, ಶ್ವಾಸಕೋಶ, ಸ್ನಾಯುಗಳಿಗೆ ಸಿಗುವ ಪಾಠ ಎರಡು ಪಟ್ಟಿಗೂ ಹೆಚ್ಚು. ಇಡೀ ತರಬೇತಿಯ ಸಾರ ಇಷ್ಟೇ.

ಸುಮ್ಮನೆ ಕುಳಿತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಜೋರಾಗಿ ಓಡುವಾಗ ಅದು 20 ಲೀಟರ್ ದಾಟುತ್ತದೆ. ಪಳಗಿದ ಓಟಗಾರರಲ್ಲಿ 30 ಮೀರುವುದೂ ಉಂಟು. ತರಬೇತಿಯಿಂದ ಹೃದಯದ ಗರಿಷ್ಠ ಬಡಿತ ಹೆಚ್ಚುವುದಿಲ್ಲ. ಹೆಚ್ಚುವುದು ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣ. ಕೈಯಾಡಿಸುವ ವೇಗ ಅದೇ, ಕೊಡ ದೊಡ್ಡದಾಯಿತು ಎಂದುಕೊಳ್ಳಿ. ಸ್ನಾಯುವಿನ ಕೋಶಗಳ ಒಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಕಠಿಣ ಓಟದ ನಂತರದ ದಿನಗಳಲ್ಲಿ ಈ ಒಲೆಗಳ ಪ್ರಮಾಣವೂ ಹೆಚ್ಚುತ್ತದೆ. ಆಮ್ಲಜನಕ ಸಾಕಷ್ಟು ಸಿಕ್ಕರೆ ಒಂದು ಗ್ಲುಕೋಸ್ ಅಣುವಿನಿಂದ ಸುಮಾರು 30ರಿಂದ 32 ಎಟಿಪಿ, ಅಂದರೆ ಶಕ್ತಿಯ ನಾಣ್ಯಗಳು, ಹುಟ್ಟುತ್ತವೆ. ನಾವು ಓದುವಾಗ ಪುಸ್ತಕದಲ್ಲಿ ಈ ಲೆಕ್ಕ 38 ಎಂದಿತ್ತು. ಆಮ್ಲಜನಕ ಸಾಲದೆ ಹೋದರೆ ಸಿಗುವುದು ಎರಡೇ ಎರಡು.

ಇಲ್ಲಿ ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಲ್ಯಾಕ್ಟಿಕ್ ಆಮ್ಲ ಸ್ನಾಯುವಿನಲ್ಲಿ ಸೇರುವ ವಿಷ, ಮಾರನೆಯ ದಿನದ ಮೈಕೈ ನೋವಿಗೆ ಅದೇ ಕಾರಣ ಎಂದು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಇದು ಸರಿಯಲ್ಲ ಎಂದು ಈಗ ಗೊತ್ತಾಗಿದೆ. ಸ್ನಾಯುವಿನಿಂದ ಹೊರಬಂದ ಲ್ಯಾಕ್ಟೇಟನ್ನು ಹೃದಯವೂ ಬೇರೆ ಸ್ನಾಯುಗಳೂ ಇಂಧನವಾಗಿ ಉರಿಸುತ್ತವೆ. ಯಕೃತ್ತು ಅದನ್ನು ಮತ್ತೆ ಗ್ಲುಕೋಸ್ ಮಾಡುತ್ತದೆ. ಓಡಿ ಒಂದೆರಡು ಗಂಟೆಯೊಳಗೆ ಅದು ರಕ್ತದಲ್ಲಿ ಮಾಮೂಲು ಮಟ್ಟಕ್ಕೆ ಬಂದಿರುತ್ತದೆ. ಮಾರನೆಯ ದಿನದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಿ ಆಗುವ ಸೂಕ್ಷ್ಮ ಹರಿತಗಳು. ಅವು ಕೂಡಿಕೊಳ್ಳಲು ದಿನಗಳು ಬೇಕು.

ಓಟದ ನಡುವಿನ ಬಿಡುವು ಎಷ್ಟಿರಬೇಕು ಎಂಬುದಕ್ಕೂ ಕಾರಣವಿದೆ. ತೀರಾ ಕಡಿಮೆಯಾದರೆ ಮುಂದಿನ ಸುತ್ತಿನ ವೇಗ ಬೀಳುತ್ತದೆ. ಹತ್ತು ನಿಮಿಷ ಕುಳಿತುಬಿಟ್ಟರೆ ಮೈ ಆರಿ, ಆಮ್ಲಜನಕದ ಬಳಕೆ ಮತ್ತೆ ತಳದಿಂದ ಏರಬೇಕಾಗುತ್ತದೆ. ಒಲೆ ಆರುವ ಮುನ್ನ ಸೌದೆ ನೂಕಬೇಕು. ಆದ್ದರಿಂದಲೇ ಒಂದೂವರೆ ನಿಮಿಷದಿಂದ ಮೂರು ನಿಮಿಷದ ಬಿಡುವು, ಅದೂ ಕುಳಿತಲ್ಲ, ನಡೆಯುತ್ತ ಅಥವಾ ನಿಧಾನ ಓಡುತ್ತ.

61 ಸೆಕೆಂಡಿಗೆ ನಿಂತ ಗಡಿಯಾರ

ಬಾರ್ತೆಲ್ ಗೆದ್ದ 1,500 ಮೀಟರ್ ಓಟದಲ್ಲಿ ನಾಲ್ಕನೆಯವನಾಗಿ ಬಂದವನು ಇಂಗ್ಲೆಂಡಿನ ವೈದ್ಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್. ಸೋಲಿನಿಂದ ನೊಂದು ಓಟವನ್ನೇ ಬಿಡುವ ಯೋಚನೆಯಲ್ಲಿದ್ದ ಆತ ಮನಸ್ಸು ಬದಲಿಸಿ, ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡುವ ಗುರಿ ಇಟ್ಟುಕೊಂಡ. ಅಂದರೆ ಕಾಲು ಮೈಲಿಯ ನಾಲ್ಕು ಸುತ್ತುಗಳು, ಸುತ್ತಿಗೆ 60 ಸೆಕೆಂಡು. ಆಸ್ಪತ್ರೆಯ ಊಟದ ಬಿಡುವಿನಲ್ಲಿ ಸಿಗುವ ಸ್ವಲ್ಪ ಹೊತ್ತಿನಲ್ಲೇ ಅಭ್ಯಾಸ. ಹತ್ತು ಬಾರಿ ಕಾಲು ಮೈಲಿ, ನಡುವೆ ಎರಡೆರಡು ನಿಮಿಷ ಬಿಡುವು.

1953ರ ಡಿಸೆಂಬರಿನಲ್ಲಿ ಸುತ್ತಿಗೆ 66 ಸೆಕೆಂಡು ಆಗುತ್ತಿತ್ತು. ತಿಂಗಳು ತಿಂಗಳಿಗೂ ಇಳಿಯುತ್ತ ಏಪ್ರಿಲ್ ಹೊತ್ತಿಗೆ 61ಕ್ಕೆ ಬಂತು. ಅಲ್ಲಿಗೆ ಗಡಿಯಾರ ನಿಂತುಬಿಟ್ಟಿತು. ಎಷ್ಟು ಹೆಣಗಿದರೂ 61ರಿಂದ ಕೆಳಕ್ಕೆ ಇಳಿಯಲೊಲ್ಲದು. ನನ್ನಂಥ ಮೇಷ್ಟ್ರಾಗಿದ್ದರೆ ಇನ್ನೂ ಐದು ಸುತ್ತು ಸೇರಿಸುತ್ತಿದ್ದೆ. ಬ್ಯಾನಿಸ್ಟರ್ ಮತ್ತು ಅವನ ಗೆಳೆಯ ಕ್ರಿಸ್ ಬ್ರಾಶರ್ ಓಟ ಬಿಟ್ಟು ಸ್ಕಾಟ್ಲೆಂಡಿನ ಗ್ಲೆನ್ ಕೋ ಬೆಟ್ಟಗಳನ್ನು ಹತ್ತಲು ಹೊರಟುಹೋದರು. ಕೆಲವು ದಿನ ಬಂಡೆ ಹತ್ತಿ ಇಳಿದು, ಓಟವನ್ನು ಮರೆತು ವಾಪಸಾದರು. ಮತ್ತೆ ಅದೇ ಹತ್ತು ಸುತ್ತು ಓಡಿದಾಗ ಗಡಿಯಾರ ತೋರಿಸಿದ್ದು 59 ಸೆಕೆಂಡು.

1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿಗೆ ಓಡಿದ. ಮನುಷ್ಯ ದೇಹಕ್ಕೆ ಅದು ಅಸಾಧ್ಯ ಎನ್ನುತ್ತಿದ್ದವರ ಬಾಯಿ ಕಟ್ಟಿತು. ಮೊದಲರ್ಧದಲ್ಲಿ ಮುಂದೆ ಓಡಿ ವೇಗ ಕಾಯ್ದವನು ಅದೇ ಬ್ರಾಶರ್.

ಈ ಪ್ರಸಂಗ ಓದಿದ ದಿನ ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಬಿಡುವಿನಲ್ಲಿ ಮೂರು ಬಗೆ. ಸುತ್ತು ಸುತ್ತಿನ ನಡುವೆ ನಿಮಿಷಗಳ ಬಿಡುವು. ಕಠಿಣ ದಿನಗಳ ನಡುವೆ ದಿನಗಳ ಬಿಡುವು. ತಿಂಗಳುಗಟ್ಟಲೆ ದುಡಿದ ಮೇಲೆ ವಾರದ ಬಿಡುವು. ನಾನು ಆ ಹುಡುಗನಿಗೆ ಮೂರರಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅವನ ಸಮಯ 4 ನಿಮಿಷ 56ರಿಂದ 5 ನಿಮಿಷ 9ಕ್ಕೆ ಬಿದ್ದಾಗಲೇ ಮೈ ನನಗೆ ಕಾಗದ ಬರೆದಿತ್ತು. ಓದಲು ನನಗೆ ಬರಲಿಲ್ಲ.

ಅತಿಯಾದರೆ ಅಮೃತವೂ

ಇಂಟರ್‌ವಲ್ ತರಬೇತಿಯೇ ಸಂಜೀವಿನಿ ಎಂದು ಭಾವಿಸುವುದೂ ತಪ್ಪು. ಝಾಟೊಪೆಕ್‌ನ ಗೆಲುವಿನ ನಂತರ ಲೋಕದ ಅನೇಕ ಓಟಗಾರರು ದಿನಾ ಗಡಿಯಾರ ಹಿಡಿದು ಸುತ್ತು ಹೊಡೆಯತೊಡಗಿದರು. ಝಾಟೊಪೆಕ್‌ನ ಮೈಕಟ್ಟು ಎಲ್ಲರಿಗೂ ಇರಲಿಲ್ಲ. ಕಾಲು ಮುರಿದುಕೊಂಡವರು, ಬೇಸತ್ತು ಬಿಟ್ಟವರು ಬಹಳ. ಆಗ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಬೇರೆ ಮಾತು ಹೇಳಿದ. ಮೊದಲು ತಿಂಗಳುಗಟ್ಟಲೆ ಆರಾಮ ವೇಗದಲ್ಲಿ ದೂರ ದೂರ ಓಡಿ ಅಡಿಪಾಯ ಹಾಕಬೇಕು. ವೇಗದ ತುಂಡು ಓಟ ಸ್ಪರ್ಧೆ ಹತ್ತಿರವಾದಾಗ ಕೆಲವು ವಾರ ಮಾತ್ರ ಸಾಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಅವನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರನ್ನೂ ಮರ್ರೆ ಹಾಲ್ಬರ್ಗ್ 5,000 ಮೀಟರನ್ನೂ ಗೆದ್ದರು.

ಇಂದು ಹೆಚ್ಚಿನ ತರಬೇತುದಾರರು ಇಬ್ಬರ ಮಾತನ್ನೂ ಕೂಡಿಸಿಕೊಂಡಿದ್ದಾರೆ. ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ನಿಧಾನ, ಒಂದು ಪಾಲು ಮಾತ್ರ ಜೋರು. ಟೋಕಿಯೊ ಒಲಿಂಪಿಕ್ಸ್‌ನ 1,500 ಮೀಟರ್ ಮತ್ತು ಪ್ಯಾರಿಸ್ಸಿನ 5,000 ಮೀಟರ್ ಚಿನ್ನ ಗೆದ್ದ ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ ಅಭ್ಯಾಸದ ನಡುವೆ ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಲ್ಯಾಕ್ಟೇಟ್ ಅಳೆಯುತ್ತಾನೆ. ಇನ್ನೂ ಜೋರಾಗಿ ಓಡಬೇಕೇ ಎಂದು ತಿಳಿಯಲು ಅಲ್ಲ, ಅಗತ್ಯಕ್ಕಿಂತ ಜೋರಾಗಿ ಓಡುತ್ತಿಲ್ಲ ತಾನೇ ಎಂದು ನೋಡಿಕೊಳ್ಳಲು! ಗೆರ್ಷ್ಲರ್‌ನ ಬೆರಳು ನಾಡಿಯ ಮೇಲಿತ್ತು; ಈಗ ಅದರ ಜಾಗಕ್ಕೆ ಸೂಜಿ ಬಂದಿದೆ.

ಬರೆದುಕೊಟ್ಟ ಚೀಟಿ

ಕಳೆದ ವರ್ಷ ಸಂತೆಪೇಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಿಂದ ಒಬ್ಬರು ಕೈ ಒರೆಸಿಕೊಳ್ಳುತ್ತ ಬಂದು ನಮಸ್ಕಾರ ಮಾಡಿದರು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದೇ ಹುಡುಗ, ಈಗ ತಲೆಯಲ್ಲಿ ಅರ್ಧ ಬಿಳಿಕೂದಲು. ಅಂದು ತಪ್ಪು ನನ್ನದಿತ್ತಪ್ಪ ಎಂದೆ. ಆತ ನಕ್ಕ. ‘ಹೋಗಲಿ ಬಿಡಿ ಸಾರ್. ಮಗಳು 8ನೇ ಕ್ಲಾಸು, ಚೆನ್ನಾಗಿ ಓಡ್ತಾಳೆ. ನನಗೆ ಮಾಡಿಸಿದ ಹಾಗೆ ಬೇಡ. ಸರಿಯಾದ್ದು ಏನು ಅಂತ ಬರೆದುಕೊಡಿ’ ಎಂದ. ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟದ್ದನ್ನೇ ಸ್ವಲ್ಪ ವಿಸ್ತರಿಸಿ ಓದುಗರಿಗೂ ಕೊಡುತ್ತಿದ್ದೇನೆ.

ಮಕ್ಕಳಿಗೆ: ವಾರಕ್ಕೆ ಒಂದೇ ದಿನ ತುಂಡು ಓಟ. 200 ಮೀಟರ್ ಆರು ಬಾರಿ, ಹೆಚ್ಚೆಂದರೆ ಎಂಟು. ನಡುವೆ ಎರಡು ನಿಮಿಷ ನಡಿಗೆ. ಉಳಿದ ದಿನ ಕೊಕ್ಕೊ, ಕಬಡ್ಡಿ, ಹಗುರ ಓಟ. ಗಡಿಯಾರದ ಸಂಖ್ಯೆಯನ್ನು ಮಗುವಿಗೆ ದಿನಾ ತೋರಿಸಬೇಡಿ. ಮೂಳೆ ನೋವು ಎಂದರೆ ಅಂದೇ ನಿಲ್ಲಿಸಿ.

ದೊಡ್ಡವರಿಗೆ: ಮೊದಲು ಎರಡು ಮೂರು ತಿಂಗಳು ಜೊತೆಗಾರನೊಡನೆ ಮಾತಾಡುತ್ತ ಓಡುವಷ್ಟು ನಿಧಾನದಲ್ಲಿ ವಾರಕ್ಕೆ ನಾಲ್ಕು ದಿನ ಓಡಿ. ಐದು ಕಿಲೋಮೀಟರನ್ನು ನಿಲ್ಲದೆ ಓಡಲು ಬಂದ ಮೇಲೆ ತುಂಡು ಓಟ ಶುರು ಮಾಡಬಹುದು.

ನಿಮಗೆ ಐದು ಕಿಲೋಮೀಟರಿಗೆ 30 ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. 400 ಮೀಟರಿಗೆ 2 ನಿಮಿಷ 24 ಸೆಕೆಂಡಾಯಿತು. ಅದನ್ನು 28 ನಿಮಿಷಕ್ಕೆ ಇಳಿಸಬೇಕಾದರೆ 400 ಮೀಟರಿಗೆ 2 ನಿಮಿಷ 14 ಸೆಕೆಂಡು ಬೇಕು. ಹತ್ತು ಸೆಕೆಂಡನ್ನು ಒಂದೇ ವಾರದಲ್ಲಿ ಕಿತ್ತುಕೊಳ್ಳಲು ಹೋಗಬೇಡಿ. ಮೊದಲ ಮೂರು ವಾರ 400 ಮೀಟರ್ ಆರು ಬಾರಿ, 2 ನಿಮಿಷ 20 ಸೆಕೆಂಡಿನಂತೆ, ನಡುವೆ ಎರಡು ನಿಮಿಷ ಬಿಡುವು. ಮುಂದಿನ ಮೂರು ವಾರ ಎಂಟು ಬಾರಿ, 2 ನಿಮಿಷ 17 ಸೆಕೆಂಡಿನಂತೆ. ಆ ನಂತರದ ಮೂರು ವಾರ 800 ಮೀಟರ್ ನಾಲ್ಕೈದು ಬಾರಿ, 4 ನಿಮಿಷ 36 ಸೆಕೆಂಡಿನಂತೆ, ನಡುವೆ ಮೂರು ನಿಮಿಷ ಬಿಡುವು. ಸ್ಪರ್ಧೆಯ ವಾರ ಎಲ್ಲವನ್ನೂ ಅರ್ಧ ಮಾಡಿ. ಶಾಲಾ ಮೈದಾನದ ಸುತ್ತು 200 ಮೀಟರಿನದಾದರೆ ಎರಡು ಸುತ್ತಿಗೆ 400 ಮೀಟರಾಯಿತು. ಟ್ರ್ಯಾಕ್ ಬೇಕೆಂದೇನಿಲ್ಲ, ಅಳತೆ ಹಿಡಿದು ಸುಣ್ಣದ ಗುರುತು ಹಾಕಿಕೊಂಡರೆ ಸಾಕು.

ಇದು ವಾರಕ್ಕೆ ಒಂದು ದಿನ ಮಾತ್ರ. ಅದರ ಹಿಂದಿನ ಮತ್ತು ಮುಂದಿನ ದಿನ ಹಗುರ ಓಟ ಅಥವಾ ರಜೆ. ಶುರುವಿಗೆ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳುವ ಓಟ, ಕೊನೆಗೆ ಹತ್ತು ನಿಮಿಷ ತಣಿಸುವ ನಡಿಗೆ ಇರಲಿ. ಮುಖ್ಯ ನಿಯಮ: ಕಡೆಯ ಸುತ್ತು ಮೊದಲ ಸುತ್ತಿನಷ್ಟೇ ಸಮಯದಲ್ಲಿ ಮುಗಿಯಬೇಕು. ಮೊದಲನೆಯದನ್ನು ಹಾರಿ ಓಡಿ ಕಡೆಯದರಲ್ಲಿ ತೆವಳಿದರೆ ಅಭ್ಯಾಸ ಕೆಟ್ಟಿತು. ಸಮಯ ನಾಲ್ಕೈದು ಸೆಕೆಂಡು ಬಿದ್ದರೆ ಉಳಿದ ಸುತ್ತುಗಳನ್ನು ಬಿಟ್ಟು ಮನೆಗೆ ಹೋಗಿ. ಇನ್ನೊಂದು ಸುತ್ತು ಓಡಬಲ್ಲೆ ಎನಿಸುವಾಗಲೇ ನಿಲ್ಲಿಸುವುದು ಜಾಣತನ.

ನಾಡಿ ನೋಡಲು ಕೈಗಡಿಯಾರ ಸಾಕು. ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 10 ಸೆಕೆಂಡು ಎಣಿಸಿ. 30 ಬಡಿತವಾದರೆ ನಿಮಿಷಕ್ಕೆ 180, 20 ಆದರೆ 120. ಆದರೆ 180 ಎಂಬುದು ಎಳೆಯರ ಲೆಕ್ಕ. ವಯಸ್ಸಾದಂತೆ ಗರಿಷ್ಠ ಬಡಿತ ಇಳಿಯುತ್ತದೆ. 220ರಲ್ಲಿ ವಯಸ್ಸನ್ನು ಕಳೆದರೆ ಒಂದು ಸ್ಥೂಲ ಅಂದಾಜು ಸಿಗುತ್ತದೆ. ಐವತ್ತರವನು 180ಕ್ಕೆ ಏರಿಸುವ ಹಟ ಮಾಡಬಾರದು. ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡ ಇರುವವರು ವೈದ್ಯರಿಗೆ ತೋರಿಸಿಯೇ ಶುರು ಮಾಡಬೇಕು. ಎದೆ ನೋವು, ತಲೆ ಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ಜ್ವರ ಬಿಟ್ಟ ವಾರ ಜೋರಿನ ಓಟ ಬೇಡ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಬೆಳಗಿನ ಏಳರೊಳಗೆ ಮುಗಿಸುವುದು ಒಳ್ಳೆಯದು.

51ನೇ ವಯಸ್ಸಿನಲ್ಲಿ ರಕ್ತದ ಸಕ್ಕರೆ ಗಡಿಯಲ್ಲಿದೆ ಎಂದು ವೈದ್ಯರು ಎಚ್ಚರಿಸಿದಾಗ ನಾನೂ ಓಡತೊಡಗಿದೆ. ಐದು ಕಿಲೋಮೀಟರಿಗೆ 36 ನಿಮಿಷ ಹಿಡಿಯುತ್ತಿತ್ತು. ಐದು ತಿಂಗಳಲ್ಲಿ 31 ನಿಮಿಷ 40 ಸೆಕೆಂಡಿಗೆ ಬಂತು. ವಾರಕ್ಕೆ ಒಂದು ದಿನದ ತುಂಡು ಓಟ ಬಿಟ್ಟರೆ ಬೇರೇನೂ ವಿಶೇಷ ಮಾಡಿಲ್ಲ. ಎಷ್ಟೋ ಬುಧವಾರ ಎಂಟು ಸುತ್ತು ಎಂದುಕೊಂಡು ಹೋಗಿ, ಆರಕ್ಕೆ ನಿಲ್ಲಿಸಿ ಬಂದಿದ್ದೇನೆ. ಹಾಗೆ ನಿಲ್ಲಿಸಲು ಕಲಿಯುವುದೇ ನನಗೆ ಓಡುವುದಕ್ಕಿಂತ ಕಷ್ಟವಾಗಿತ್ತು.

ಚೀಟಿ ತೆಗೆದುಕೊಂಡು ಹೋದವನ ಮಗಳು ಈ ಸಲದ ತಾಲ್ಲೂಕು ಕೂಟದಲ್ಲಿ 1,500 ಮೀಟರ್ ಓಡಿ ಮೂರನೆಯವಳಾಗಿ ಬಂದಳು. ಮಾರನೆಯ ವಾರ ಫೋನು ಮಾಡಿ ವಿಚಾರಿಸಿದೆ. ಮೂರು ದಿನ ಮನೆಯಲ್ಲಿ ಆಡಿಕೊಂಡಿದ್ದು, ನಾಲ್ಕನೆಯ ದಿನ ತಾನಾಗಿಯೇ ಮೈದಾನಕ್ಕೆ ಹೋದಳಂತೆ.